ಲಾಕಿನ ಛತ್ರದ ದಫ್ತರ

ಕನ್ನಡ ಓದಬಲ್ಲವರು ಬೇಕೆಂದು
ಆದೋನಿಗೆ ಜೀಪು ಕಳಿಸಿದ್ದರು.
ಮೂವತ್ತು ವರ್ಷ ಕಾಗುಣಿತ ತಿದ್ದಿ ನಿವೃತ್ತನಾದ ನನಗೆ
ಮುಂದಿನ ಸೀಟು, ಒಂದು ಬಾಟಲಿ ನೀರು.

ಕಂದನೂಲು ದಾಟಿ, ಕಾಲುವೆಯ ಏರಿ ಹಿಡಿದರೆ
ಹನ್ನೊಂದನೆಯ ಮೈಲಿಗಲ್ಲಿಗೆ ಛತ್ರ.
ಸುತ್ತ ಕಬ್ಬಿಣದ ಬೇಲಿ, ಬಣ್ಣ ಇನ್ನೂ ಕೈಗಂಟುತ್ತದೆ.
ನೀಲಿ ಹಲಗೆ: ಮುಟ್ಟಬಾರದು, ಗೀಚಬಾರದು,
ಒಲೆ ಹೂಡಬಾರದು, ರಾತ್ರಿ ತಂಗಬಾರದು.
ಛತ್ರಕ್ಕೆ!

ಹುಣಿಸೆಮರಕ್ಕೂ ನಂಬರು ಬರೆದಿದ್ದಾರೆ, ಹದಿನಾಲ್ಕು.
ಮಿಕ್ಕ ಹದಿಮೂರು ಎಲ್ಲಪ್ಪಾ ಅಂದರೆ
ಕಾವಲಿನ ಮದ್ದಿಲೇಟಿ ನಕ್ಕ:
"ಎಣಿಸುವಾಗ ಇದ್ದವು, ಸಾರ್."

ದಂಡೆಯ ಕಟ್ಟುಗಲ್ಲಿನಲ್ಲಿ ಹಗ್ಗ ಕೊರೆದ ಗಾಯ,
ಬೆರಳಿಟ್ಟರೆ ಎರಡು ಗಿಣ್ಣು ಮುಳುಗುತ್ತದೆ.
ನುಣುಪು, ದನ ನೆಕ್ಕಿದ ಉಪ್ಪಿನ ಗಡ್ಡೆಯ ಹಾಗೆ.
ಬಂಡಿಯ ಅಚ್ಚಿಗೆ ಎಣ್ಣೆ ಸವರಿದ ಊರಂತೆ ಕಂದನೂಲು;
ದೋಣಿಗೆ ಅಚ್ಚಿಲ್ಲ, ಅದನ್ನು
ಏರಿಯ ಮೇಲೆ ನಡೆವ ಆಳುಗಳ ಹೆಗಲು ಎಳೆಯುತ್ತಿತ್ತು.
ಆ ಹೆಗಲಿಗೆ ಎಣ್ಣೆ ಹಚ್ಚಿದವರು ಯಾರು,
ದಫ್ತರದಲ್ಲಿದೆ, ಬಂದೆ ಅಲ್ಲಿಗೆ.

ಕಡಪ ಕಲ್ಲಿನ ಮೇಜು. ಕೈಗೆ ಬಿಳಿ ಗವಸು ಕೊಟ್ಟರು.
ಮೊದಲೂ ತೆಲುಗು, ಕೊನೆಯೂ ತೆಲುಗು,
ನಡುವೆ ನಲವತ್ತು ಹಾಳೆ ನಮ್ಮ ಅಕ್ಷರ.
ಹೊಳೆಯಾಚೆಯಿಂದ ಬಂದ ಯಾರೋ ಗುಮಾಸ್ತ,
ಉರುಕುಂದಪ್ಪ ಎಂದು ರುಜು,
ದೀರ್ಘಗಳನ್ನೆಲ್ಲ ಎತ್ತಿನ ಬಾಲದಂತೆ ಎಳೆಯುವ ಕೈ.
ನನ್ನ ಕ್ಲಾಸಿನಲ್ಲಿದ್ದಿದ್ದರೆ ಎರಡು ಅಂಕ ಕಳೆಯುತ್ತಿದ್ದೆ.

"ದೊಡ್ಡವರು ಯಾರಾದರೂ ತಂಗಿದ್ದರಾ, ಮೇಷ್ಟ್ರೇ?"
ಅಧಿಕಾರಿ ಪ್ರಸೂನಾಗೆ ಗೋಡೆಗೆ ನಾಲ್ಕು ಸಾಲು ಬೇಕು,
ನವಾಬನೋ, ಕಲೆಕ್ಟರನೋ, ಯಾರಾದರೂ ಆದೀತು.
ಓದಿದೆ:

ಉಪ್ಪಿನ ದೋಣಿ ಮೂರು. ಜನ ಹನ್ನೆರಡು. ಜೋಳದ ಹಿಟ್ಟು ಆರು ಸೇರು.
ಹತ್ತಿಯ ದೋಣಿ ಒಂದು. ದಸ್ತಗಿರಿಗೆ ಚಳಿಜ್ವರ. ಗಂಜಿ.
ಲಾಕಿನ ಬಾಗಿಲು ಕಚ್ಚಿಕೊಂಡಿದೆ. ಎಲ್ಲರೂ ಇಲ್ಲೇ.
ದಸ್ತಗಿರಿಗೆ ಗಂಜಿ.
ಹೆಗಲೆಣ್ಣೆ ಅರ್ಧ ಪಾವು, ಅಡಿಗೆಯ ಸುಂಕಮ್ಮನ ವಶ.
ದಸ್ತಗಿರಿಗೆ ಮಜ್ಜಿಗೆ ಅನ್ನ. ಬೈಯುತ್ತಾನೆ, ಗುಣ ಕಾಣುತ್ತದೆ.

ಮುಂದೆ? ಅಂದರು.
ಮೂವತ್ತೊಂದನೆಯ ಹಾಳೆ:
ಒಬ್ಬ ಹೆಂಗಸು, ಒಂದು ಕೂಸು. ಹೆಸರು ಹೇಳಲಿಲ್ಲ. ಕೇಳಲಿಲ್ಲ.
ಕಾಯಿದೆಯಂತೆ ಮೂರು ರಾತ್ರಿ ಮುಗಿಯಿತು.
ಕೆಳಗೆ, ಮರುದಿನದ ತಾರೀಖು:
ಒಬ್ಬ ಹೆಂಗಸು, ಒಂದು ಕೂಸು. ಇಂದು ಮೊದಲ ರಾತ್ರಿ.
ಮೂರು ದಿನ ಬಿಟ್ಟು ಮತ್ತೆ,
ಒಬ್ಬ ಹೆಂಗಸು, ಒಂದು ಕೂಸು. ಇಂದು ಮೊದಲ ರಾತ್ರಿ.
ಹೀಗೆ ಹದಿನೇಳು ಸಲ.
ಹದಿನೇಳನೆಯದರಲ್ಲಿ: ಕೂಸು ನಡೆಯುತ್ತದೆ.
ಅಲ್ಲಿಗೆ ನಮ್ಮ ಅಕ್ಷರ ನಿಂತಿತು. ಬೇರೆ ಕೈ, ತೆಲುಗು,
ಮೊದಲ ಸಾಲಿಗೇ ಕೆಂಪು ಶಾಯಿ.
ಆ ಕೆಂಪನ್ನು ಓದಲು ನಾನು ಬೇಕಿರಲಿಲ್ಲ.
ಅವರೇ ಓದಿಕೊಂಡರು, ತುಟಿ ಅಲುಗದೆ.

"ಇದು ಬೋರ್ಡಿಗೆ ಆಗುವುದಿಲ್ಲ" ಅಂದರು ಪ್ರಸೂನಾ,
ಪೆನ್ನಿನ ಕ್ಯಾಪು ಮಾತ್ರ ಹಾಕಲಿಲ್ಲ.

ಸಂಜೆ ಜೀಪಿನ ಆಕ್ಸಲ್ಲು ಮುರಿದಿತ್ತು.
(ಕಂದನೂಲಿನಲ್ಲಿ ಎಣ್ಣೆ ಹಾಕಿಸಬೇಕಿತ್ತು ಅಂದೆ,
ಡ್ರೈವರಿಗೆ ನಗು ಬರಲಿಲ್ಲ.)
ಮೇಲಿನ ಅಣೆಯಿಂದ ನೀರು ಬಿಟ್ಟಿದ್ದರು,
ಒಣಗಿದ್ದ ಲಾಕಿನ ಗಂಟಲಲ್ಲಿ ಅದು
ಮೊದಲು ತಡವರಿಸಿ ಆಮೇಲೆ ಮಾತಿಗೆ ಬಿದ್ದ ಸದ್ದು.

ಮದ್ದಿಲೇಟಿ ಗೇಟಿನ ಪುಸ್ತಕ ತಂದ.
ರಾತ್ರಿ ಎಂಟಾಗಿತ್ತು.
ಬಂದ ವೇಳೆ ಅನ್ನುವಲ್ಲಿ ನಾಳೆಯ ತಾರೀಖು ಹಾಕಿ
ಬೆಳಿಗ್ಗೆ ಆರು ಎಂದು ಬರೆದ,
ಬೀಗ ತೆಗೆದ, ಚಾಪೆ ಕೊಟ್ಟ.
ಅವನಿಗೆ ಕನ್ನಡ ಬರುವುದು ಮಾತಿಗಷ್ಟೇ;
ದಫ್ತರದ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ.

ಹಾಸುಗಲ್ಲು ಹಗಲಿನ ಬಿಸಿ ಬಿಟ್ಟಿರಲಿಲ್ಲ.
ಗೋಡೆಯ ದೀಪದ ಗೂಡುಗಳನ್ನೆಲ್ಲ ಔಷಧಿ ಹಾಕಿ ತೊಳೆದಿದ್ದಾರೆ,
ಒಂದರ ಮಸಿ ಮಾತ್ರ ಹಾಗೇ ಇದೆ, ಮಾದರಿಗೆ.
ಕತ್ತಲಲ್ಲಿ ಕೈ ಚಾಚಿದೆ.
ಬೆರಳಿಗೆ ಗಾಜು ತಗುಲಿತು.